ಹನ್ನೆರಡು ಸೆಕೆಂಡು

ಒಂದು ತಪ್ಪಿದರೆ ಇನ್ನೊಂದು, ಹನ್ನೆರಡೇ ಸೆಕೆಂಡಿಗೆ.
ಹಾಗಾಗಿ ಓಡುವುದನ್ನು ಬಿಟ್ಟಿದ್ದೇನೆ.
ಐವತ್ತೆಂಟರ ಈ ಮಂಡಿಗೆ, ಎಲ್ ಆಲ್ಟೊದ ಈ ತೆಳುಗಾಳಿಗೆ
ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಬೆಳಗ್ಗೆ ಆರೂವರೆ. ಬೆನ್ನಿಗೆ ಪಟ್ಟೆಪಟ್ಟೆ ಬಟ್ಟೆಯ ಗಂಟು,
ಗಂಟಿನಲ್ಲಿ ಎರಡು ಲಂಗ: ಒಂದು ಅಂಚು ಬಿಚ್ಚಿ ಮತ್ತೆ ಹೊಲಿದದ್ದು,
ಇನ್ನೊಂದು ಮದುವೆಯದು, ಎಂಟು ಮೀಟರಿನ ನೆರಿಗೆ.
ಮೈಮೇಲಿರುವುದು ಬೇರೆ, ಒಳಲಂಗ ಸೇರಿ ನಾಲ್ಕು ಪದರ.
ಹೀಗಿರುವ ನಾನು ಮೊದಲೆಲ್ಲ ಮಿನಿಬಸ್ಸಿನಲ್ಲಿ
ಹೋಗುತ್ತಿರಲಿಲ್ಲ, ನನ್ನನ್ನು ತುರುಕುತ್ತಿದ್ದರು.
ಬಾಗಿಲಿಗೆ ಜೋತುಬಿದ್ದ ಹುಡುಗ
ಸೇಹಾ ಸೇಹಾ ಸೇಹಾ ಎಂದು ಗಂಟಲು ಹರಿದುಕೊಳ್ಳುತ್ತ
ನಡುವೆ ನನಗೊಂದು ಬಿಡುತ್ತಿದ್ದ:
"ಲಂಗಕ್ಕೂ ಒಂದು ಸೀಟು ಬೇಕಲ್ಲಮ್ಮ, ಎರಡು ಟಿಕೆಟ್ಟಿನ ಕಾಸು ಕೊಡು."
ಬಸ್ಸೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ.
ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇಲ್ಲಿ ಬಾಗಿಲು ಎರಡೂ ಕಡೆಗೆ ಸರಿಯುತ್ತದೆ.
ನಾನು ದರ್ಜಿ, ಕಣ್ಣಳತೆ ನಂಬುವವಳಲ್ಲ.
ಮೊದಲ ವಾರವೇ ಸೊಂಟದಿಂದ ಪಟ್ಟಿ ತೆಗೆದು ಅಳೆದೆ,
ನಿಲ್ದಾಣದ ಹುಡುಗಿ ಬಾಯಿ ಬಿಟ್ಟು ನೋಡುತ್ತಿದ್ದಳು.
ಎಷ್ಟು ಬಂತೆಂದು ಹೇಳುವುದಿಲ್ಲ, ಅದು ಕಸುಬಿನ ಗುಟ್ಟು.
ಇದನ್ನು ಕತ್ತರಿಸಿದವನು ಮಾತ್ರ
ಯಾವುದೋ ದೂರದ ದೇಶದಲ್ಲಿ ಮೇಜಿನ ಮುಂದೆ ಕೂತು
ನೆರಿಗೆ ಬಿಟ್ಟು ನಿಂತ ಹೆಂಗಸನ್ನು ನೆನೆದಿರಬೇಕು,
ಅಥವಾ ಗಾಲಿಕುರ್ಚಿಯ ಯಾರನ್ನೋ.
ಯಾರು ನೆನಪಾದರೇನು, ನನಗೂ ಆಯಿತು.
ಒಬ್ಬಳ ಮೈಗೆಂದು ಬಿಟ್ಟ ಸಡಿಲ
ಅವಳ ಮಗಳಿಗೂ ಆಗಿಬರುವುದಿಲ್ಲವೇ, ಹಾಗೆ.

ಒಳಗೆ ಹತ್ತು ಜನ, ಮಂಡಿಗೆ ಮಂಡಿ.
ಹತ್ತಿದವರು ನಮಸ್ಕಾರ ಹೇಳಬೇಕು, ಕೂತವರು ತಿರುಗಿ ಹೇಳಬೇಕು,
ಯಾರು ಮಾಡಿದ ಕಾನೂನೋ.
ಎದುರಿಗೆ ಶಾಲೆಯ ಹುಡುಗಿ, ತೊಡೆಯ ಮೇಲೆ ಲೆಕ್ಕದ ಪುಸ್ತಕ.
ಕಂಬದ ಹತ್ತಿರ ಮಾತ್ರ ಗಡಗಡ, ಸಣ್ಣ ನಡುಕ;
ಅವಳಿಗದು ಗೊತ್ತು, ತಲೆಯೆತ್ತದೆಯೇ ಪೆನ್ಸಿಲ್ ಎತ್ತುತ್ತಾಳೆ,
ಕಂಬ ದಾಟಿದ ಮೇಲೆ ದುಂಡಗೆ ಒಂದು ಸೊನ್ನೆ.

ಅಂಚು ಬಂತು. ನೆಲ ಒಮ್ಮೆಲೇ ಕೈಬಿಟ್ಟಿತು.
ಕೆಳಗೆ ಇಡೀ ಲಾ ಪಾಸ್, ಬಟ್ಟಲಿನ ತಳದ ಗಸಿಯ ಹಾಗೆ,
ಆಚೆ ಇಲ್ಲಿಮಾನಿಯ ಹಿಮ.
ಒಂದು ಛಾವಣಿಯ ಮೇಲೆ ಕರಿನಾಯಿ,
ಪ್ರತಿ ಡಬ್ಬಿಗೂ ಬೊಗಳುತ್ತದೆ,
ಹನ್ನೆರಡು ಸೆಕೆಂಡಿಗೊಮ್ಮೆ. ಪಾಪ, ಬಿಡುವೇ ಇಲ್ಲ.

ಆಮೇಲೆ ಸ್ಮಶಾನ.
ಇಲ್ಲಿ ಸತ್ತವರಿಗೂ ಮಹಡಿ, ಗೂಡಿನ ಮೇಲೆ ಗೂಡು.
ಮೂರನೆಯ ಸಾಲಿನಲ್ಲಿ ನನ್ನ ಸೆವೆರೋ.
ಮಿನಿಬಸ್ ಓಡಿಸುತ್ತಿದ್ದ, ಇಪ್ಪತ್ತಾರು ವರ್ಷ.
ಈ ತಂತಿ ಬರುತ್ತದೆಂದಾಗ ಬೀದಿಗೆ ಅಡ್ಡ ಕಲ್ಲಿಟ್ಟು ಕೂತಿದ್ದ.
"ತಂತಿಯ ಮೇಲೆ ಒಣಗಬೇಕಾದ್ದು ಬಟ್ಟೆ, ಮನುಷ್ಯರಲ್ಲ" ಎಂದವನು
ಒಂದು ದಿನವೂ ಹತ್ತಲಿಲ್ಲ.
ನನ್ನ ಲಂಗಕ್ಕೆ ಎರಡು ಟಿಕೆಟ್ಟು ಕೇಳಿದ ಬಸ್ಸು
ಎಷ್ಟೋ ಸಲ ಅವನದೇ ಆಗಿರುತ್ತಿತ್ತು.
ಅವನೂ ನಗುತ್ತಿದ್ದ, ಕನ್ನಡಿಯಲ್ಲಿ.
ಕೆಟ್ಟವನಲ್ಲ. ಹನ್ನೆರಡು ಸೀಟಿಗೆ ಹದಿನೆಂಟು ತುಂಬದಿದ್ದರೆ
ಅವತ್ತಿನ ಡೀಸೆಲ್ ಹುಟ್ಟುತ್ತಿರಲಿಲ್ಲ.
ಬೆಳಗಿನ ಬಿಸಿಲಿದ್ದರೆ ನಮ್ಮ ಡಬ್ಬಿಯ ನೆರಳು
ಅವನ ಗೂಡಿನ ಮೇಲೆ ಹಾದುಹೋಗುತ್ತದೆ.
ನೋಡು, ಹತ್ತಿಸಿಯೇಬಿಟ್ಟೆ, ಅನ್ನುತ್ತೇನೆ
ತುಟಿ ಅಲುಗದ ಹಾಗೆ.

ಇಳಿಯುವಲ್ಲಿ ಡಬ್ಬಿ ನಿಲ್ಲುವುದಿಲ್ಲ, ಮುದುಕರ ನಡಿಗೆಗೆ ಇಳಿಯುತ್ತದೆ.
ನನ್ನ ಗಂಟು ಕಂಡ ಹುಡುಗ ಕೈಯೆತ್ತುತ್ತಾನೆ,
ಅಷ್ಟಕ್ಕೇ ಬೆಟ್ಟದ ಮೇಲಿನ ಸಾಲೆಲ್ಲ ಒಂದು ಗಳಿಗೆ ನಿಂತು
ನನ್ನ ಮಂಡಿಗಾಗಿ ಕಾಯುತ್ತದೆ.
"ನಿಧಾನ, ದೋನ್ಯಾ ಪ್ಲಾಸಿದಾ."

ಮದುವೆಮನೆಯವಳು ಲಂಗ ಬಿಡಿಸಿ
ನೆರಿಗೆಯ ಮೇಲೆ ಬೆರಳಾಡಿಸಿದಳು. ಒಂದೂ ಮುರಿದಿರಲಿಲ್ಲ.
ಟ್ಯಾಕ್ಸಿ ಮಾಡಿಕೊಂಡು ಬಂದಿರಾ, ಪಾಪ,
ಅದರ ಕಾಸೂ ಸೇರಿಸಿ ಕೊಡಲೇ ಎಂದಳು.
ಒಂದು ಕ್ಷಣ ಸೆವೆರೋ ನೆನಪಾದ.
ಬೇಡ, ಕೆಂಪಿನಲ್ಲಿ ಬಂದೆ, ಎಂದೆ.