ಓವನ್ ಮಹಜರು

ಮೂರನೆಯ ಕೇಕೂ
ನಡುವೆ ಬತ್ತಿದ ಕೆರೆಯಂತೆ ಕುಸಿದು
ಅಂಚು ಹೆಂಚಿನಂತೆ ಸೆಟೆದು ಕೂತ ಸಂಜೆ
ನನಗೆ ಅನುಮಾನ ಬಂತು.

ಮೂವತ್ತೊಂದು ವರ್ಷ ಅಳತೆ-ತೂಕದ ಇಲಾಖೆಯಲ್ಲಿ
ತಕ್ಕಡಿಯ ಮುಳ್ಳು ನೋಡಿ ಬದುಕಿದವಳು ನಾನು.
ತಳಕ್ಕೆ ಹುಣಸೆಹಣ್ಣು ಮೆತ್ತಿದ ತಟ್ಟೆ,
ಸೀಸ ಕೆರೆದು ತೆಗೆದ ಬಟ್ಟು,
ಬುಡ ಒಳಕ್ಕೆ ಉಬ್ಬಿದ ಪಾವು, ಸೇರು —
ಎಲ್ಲ ಕಂಡಿದ್ದೇನೆ. ರಸೀದಿ ಹರಿದು ಕೊಟ್ಟಿದ್ದೇನೆ.
ನನ್ನದೇ ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕದಲ್ಲಿ
ಒಬ್ಬ ಕಳ್ಳ ಕೂತಿದ್ದಾನೆಂದು ಹೊಳೆದಿರಲಿಲ್ಲ.

ಎಸ್.ಪಿ. ರಸ್ತೆಯಲ್ಲಿ ಮುನ್ನೂರೈವತ್ತು ಕೊಟ್ಟು
ಕೈಗಡಿಯಾರದಷ್ಟು ದೊಡ್ಡ ಥರ್ಮಾಮೀಟರು ತಂದೆ.
ಒಳಗಿನ ಸರಳಿಗೆ ನೇತುಹಾಕಿ ಬಾಗಿಲು ಮುಚ್ಚಿದೆ.
ಗುಂಡಿ ನೂರೆಂಬತ್ತು ಅನ್ನುತ್ತದೆ.
ಹತ್ತೇ ನಿಮಿಷಕ್ಕೆ ಟಕ್ ಎಂದು ಕೆಂಪು ದೀಪ ಆರಿಸಿ
ಕಾದಿದ್ದೇನೆ, ಹಾಕು, ಅನ್ನುತ್ತದೆ.
ಒಳಗೆ ಮುಳ್ಳು ನೂರಮೂವತ್ತು ದಾಟಿಲ್ಲ.
ಇಪ್ಪತ್ತು ನಿಮಿಷ. ಇಪ್ಪತ್ತೈದು.
ನೂರೈವತ್ತೈದಕ್ಕೆ ಬಂದು ನಿಂತೇಬಿಟ್ಟಿತು,
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತ ಹಾಗೆ.

ಆರೋಪಿ: ಇಪ್ಪತ್ತೆಂಟು ಲೀಟರಿನ ಓ.ಟಿ.ಜಿ.
ಸ್ಥಳ: ಬಸವೇಶ್ವರನಗರ, ಒಂದನೆಯ ಮಹಡಿ.
ಕೊರತೆ: ಇಪ್ಪತ್ತೈದು ಡಿಗ್ರಿ.
ಸಾಕ್ಷಿ: ಮೇಲಿನ ಮನೆಯ ರೆಹಾನಾ, ವಯಸ್ಸು ಎಂಟು,
ಕೇಕಿಗಾಗಿ ಮೂರು ವಾರದಿಂದ ಕಾದವಳು.

ಮರುದಿನ ತಟ್ಟೆ ತುಂಬ ಬ್ರೆಡ್ಡಿನ ಹೋಳು ಹಾಸಿ
ಐದು ನಿಮಿಷ ಬಿಟ್ಟು ತೆಗೆದರೆ
ಓವನ್ನು ತನ್ನ ನಕ್ಷೆ ತಾನೇ ಬರೆದುಕೊಟ್ಟಿತ್ತು:
ಎಡಗಡೆ ಹಿಂದಿನ ಮೂಲೆ ಕರಕಲು,
ನಡುವೆ ಜೇನಿನ ಬಣ್ಣ,
ಬಾಗಿಲ ಬಳಿಯ ಸಾಲಿಗೆ ಇನ್ನೂ ಡಿಸೆಂಬರಿನ ಚಳಿ.
ರೆಹಾನಾ ಒಂದೊಂದಕ್ಕೂ ಬೆಣ್ಣೆ ಸವರಿ
ಸಾಕ್ಷ್ಯವನ್ನೆಲ್ಲ ತಿಂದು ಮುಗಿಸಿದಳು.

ಆ ರಾತ್ರಿ ನೆನಪಾದರು ಅಳಸಿಂಗಾಚಾರ್.
ಕಾಮಾಕ್ಷಿಪಾಳ್ಯದ ಬೇಕರಿ, ತೊಂಬತ್ತೆಂಟನೆಯ ಇಸವಿ,
ಅರ್ಧ ಕೇಜಿಗೆ ಹದಿನೈದು ಗ್ರಾಂ ಜಾಸ್ತಿ ತೋರಿಸುವ ತಕ್ಕಡಿ.
'ಇದರ ಸುಳ್ಳು ಎಷ್ಟು ಅಂತ ನಂಗೊತ್ತು ತಾಯಿ,
ಅದಕ್ಕೇ ಮೇಲೊಂದು ಬಿಸ್ಕತ್ತು ಹಾಕ್ತೀನಿ' ಅಂದಿದ್ದರು.
ಎಲ್ಲರೂ ಹೀಗೇ ಹೇಳೋದು ಅಂದೆ.
ದಂಡ ಬರೆದೆ.
ಅವರು ಮಾತಾಡದೆ ಇಟ್ಟಿಗೆ ಒಲೆಯ ಬಾಗಿಲು ಸರಿಸಿ
ಒಂದು ಚಿಟಿಕೆ ಮೈದಾ ಒಳಗೆ ಎರಚಿ
ಅದು ಕಂದಾಗುವವರೆಗೆ ತುಟಿ ಅಲುಗಿಸುತ್ತ ನಿಂತರು.
ಮಂತ್ರ ಅಂದುಕೊಂಡಿದ್ದೆ.
ಎಣಿಸುತ್ತಿದ್ದರು.

ಗುಂಡಿಯ ಪಕ್ಕ ಗಾಯದ ಪ್ಲಾಸ್ಟರು ಅಂಟಿಸಿ
ಪೆನ್ನಿನಲ್ಲಿ ಬರೆದಿದ್ದೇನೆ: ೨೦೫ ಅಂದರೆ ೧೮೦.
ಅರ್ಧ ಗಂಟೆ ಮೊದಲೇ ಹಚ್ಚುತ್ತೇನೆ, ಆಮೇಲೆ ಹಿಟ್ಟು ಕಲಸುವುದು.
ಇಪ್ಪತ್ತು ನಿಮಿಷ ಬಾಗಿಲು ಮುಟ್ಟುವಂತಿಲ್ಲ;
ಇಣುಕಿದರೆ ಉಬ್ಬಿದ್ದೆಲ್ಲ ಉಸಿರು ಬಿಟ್ಟು ಕೂತುಬಿಡುತ್ತದೆ.
ನಂತರ ಒಮ್ಮೆ, ಒಂದೇ ಒಮ್ಮೆ,
ಹಿಂದಿದ್ದದ್ದು ಮುಂದೆ ಬರುವಂತೆ ತಿರುಗಿಸುತ್ತೇನೆ.
ಕರೆಂಟು ಹೋದರೆ?
ಬೆಸ್ಕಾಂ ಹೆಸರಿಗೆ ಇನ್ನೊಂದು ಮಹಜರು.

ಭಾನುವಾರದ ಕೇಕು ಎದ್ದಿತು.
ಎಡಕ್ಕೆ ತುಸು ವಾಲಿ, ನೆತ್ತಿಯಲ್ಲೊಂದು ಬಿರುಕು.
ಅಭ್ಯಾಸ ಬಿಡುವುದೇ? ತೂಗಿದೆ: ಎಂಟುನೂರ ಹತ್ತು ಗ್ರಾಂ.
ರೆಹಾನಾಳಿಗೆ ಕಪ್ಪು ಮೂಲೆಯ ತುಂಡೇ ಬೇಕಂತೆ.
ಕೊಯ್ದು ಕೊಟ್ಟೆ.
ಮೇಲೊಂದು ಚೂರು,
ಲೆಕ್ಕಕ್ಕಿಲ್ಲದ್ದು.