ಬಿಳಿ ಚುಕ್ಕೆ

ಮುಖ ಬರೆಯುವುದು ಕುರಮೋಚಿ ಸೆನ್ಸೇ.
ನನ್ನ ಪಾಲಿಗೆ ಬರುವುದು ಮಳೆ, ಕಿಟಕಿ, ರೈಲಿನ ತಂತಿ,
ಶಾಲೆಯ ಬಾಗಿಲಲ್ಲಿ ಬೂಟಿನ ಗೂಡುಗಳ ಸಾಲು.
ಏಳು ವರ್ಷದಿಂದ, ತಾಚಿಕಾವಾದ ಈ ಮೂರನೇ ಮಹಡಿಯಲ್ಲಿ,
ಬೇರೆಯವರ ಪ್ರೇಮದ ಹಿಂದೆ
ಗೋಡೆ ಕಟ್ಟುತ್ತಾ ಬಂದಿದ್ದೇನೆ.

ಕೊನೆಗೆ, ಶಾಯಿ ಆರಿದ ಮೇಲೆ,
ಕಣ್ಣಿಗೆ ಬಿಳಿ ಇಡುವುದೂ ನನ್ನದೇ ಕೆಲಸ.
ಸಾಸಿವೆಗಿಂತ ಸಣ್ಣದು, ಕುಂಚದ ಒಂದೇ ಕೂದಲಲ್ಲಿ.
ಅದಿದ್ದರೆ ಹುಡುಗ ಸತ್ಯವಂತ.
ಇಲ್ಲದಿದ್ದರೆ ಓದುವವರ ಬೆನ್ನು ತಣ್ಣಗಾಗುತ್ತದೆ.
ಇಷ್ಟೇ ನೋಡಿ, ನಮ್ಮ ಕಸುಬಿನಲ್ಲಿ ಪಾಪಪುಣ್ಯ.

ಹಯಾಸೆಗೆ ಮೂವತ್ತು ಅಧ್ಯಾಯ ಇಟ್ಟೆ.
ಮೊದಲನೆಯದರಲ್ಲಿ, ಧೋ ಎಂದು ಸುರಿಯುವಾಗ,
ಕೊಡೆಯಿಲ್ಲದೆ ನಿಂತ ಚಿಯೊರಿಯ ತಲೆಯ ಮೇಲೆ
ತನ್ನ ಕೊಡೆ ಹಿಡಿಯುತ್ತಾನೆ,
ಎಡ ಹೆಗಲು ತೋಯಿಸಿಕೊಂಡು.
ಆ ಹೆಗಲಿಗೆ ಊರೂರಿನ ಹುಡುಗಿಯರು ಮನಸೋತರು.
ಚೀಲಗಟ್ಟಲೆ ಕಾಗದ. ಹೆಗಲಿಗೇ ಬರೆದವರೂ ಇದ್ದರು.

ನನಗೆ ಅಂದೇ ಗೊತ್ತಿತ್ತು.
ಅದೇ ಪುಟದ ಮೂಲೆಯಲ್ಲಿ, ಬೂಟಿನ ಗೂಡಿನ ಹಿಂದೆ,
ಕೊಕ್ಕೆಯ ಹಾಗೆ ಬಾಗಿದ ಒಂದು ಹಿಡಿ:
ಚಿಯೊರಿಯ ಕೊಡೆ.
‘ಇರಬೇಕು, ಕಾಣಬಾರದು’ ಎಂದಿದ್ದರು ಸೆನ್ಸೇ.
ಬರೆದೆ. ಯಾರೂ ಕಾಣಲಿಲ್ಲ,
ಅಕಿತಾದ ಮೀನಂಗಡಿಯ ಒಬ್ಬ ಹೆಂಗಸಿನ ಹೊರತು.
‘ನನ್ನ ಗಂಡನೂ ಹೀಗೇ ಸಿಕ್ಕಿದ,
ಕಳೆದ ನನ್ನ ಪರ್ಸು ಹುಡುಕಿಕೊಟ್ಟು.
ಮದುವೆಯಾಗಿ ಹತ್ತು ವರ್ಷಕ್ಕೆ ತಿಳಿಯಿತು,
ಕದ್ದವನೂ ಅವನೇ.
ಬೈದೆ. ಬೈಯುತ್ತಲೇ ಊಟ ಬಡಿಸಿದೆ.
ಅವನು ಹೋಗಿ ನಾಲ್ಕು ವರ್ಷ, ಇನ್ನೂ ಬೈಯುತ್ತಿದ್ದೇನೆ.’

ನಿನ್ನೆ ಮೂವತ್ತೊಂದನೆಯದು.
ಶಾಲೆ ಗುಡಿಸುವ ಪಾಳಿಯಲ್ಲಿ ಚಿಯೊರಿ ಗೂಡು ಸರಿಸುತ್ತಾಳೆ,
ಧೂಳು ಹಿಡಿದ ಕೊಡೆ ಕೈಗೆ ಬರುತ್ತದೆ.
ಆಮೇಲೆ ಪುಟವಿಡೀ ಅವನ ಮುಖ,
ಅಂಚಿನಲ್ಲಿ ಆ ಕೊಡೆಯ ತುದಿ.
‘ಈ ಸಲ ಚುಕ್ಕೆ ಬೇಡ’ ಎಂದರು ಸೆನ್ಸೇ.
ಎದ್ದು ಹೋಗಿ ಅಕ್ಕಿ ತೊಳೆಯತೊಡಗಿದರು.

ಕುಂಚ ಹಿಡಿದು ಕೂತೆ.
ಅವನ ಬಾಯಿ ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ;
ಸಿಕ್ಕಿಬಿದ್ದ ಬಾಯಿ ಅದು. ನನಗೆ ಪರಿಚಯದ್ದು.

ಏಳು ವರ್ಷದ ಹಿಂದೆ ಈ ಕುರ್ಚಿಗೆ ಇಬ್ಬರನ್ನು ಕರೆದಿದ್ದರು,
ನನ್ನನ್ನು, ಮಿನೆಗಿಶಿಯನ್ನು.
ಅವಳ ಗೆರೆ ನನ್ನದಕ್ಕಿಂತ ಚೆನ್ನ.
ಅವಳ ಫೋನು ಕೆಟ್ಟಿತ್ತು, ಸುದ್ದಿ ನನ್ನ ಕೈಗೆ ಬಂತು.
ಬುಧವಾರವನ್ನು ಗುರುವಾರ ಎಂದು ದಾಟಿಸಿದೆ.
ಅಷ್ಟೇ. ಒಂದು ದಿನ.
ಗುರುವಾರ ರಾತ್ರಿ ಅವಳು ಅತ್ತಾಗ
ಪಕ್ಕದಲ್ಲಿ ಕೂತವಳೂ ನಾನೇ,
ಬೆಳಗಿನವರೆಗೆ, ಎಡ ಹೆಗಲು ತೋಯಿಸಿಕೊಂಡು.
ಆಗ ನನಗಾದ ಸಂಕಟ ಸುಳ್ಳಲ್ಲ.
ಅದನ್ನು ಯಾರಿಗೆ ಹೇಗೆ ಹೇಳಲಿ: ಸುಳ್ಳಲ್ಲ.

ಈಗವಳು ನಿಬ್ಬು, ಶಾಯಿ ಮಾರುವ ಅಂಗಡಿಯಲ್ಲಿದ್ದಾಳೆ.
ಹೋದಾಗೆಲ್ಲ ಒಂದು ನಿಬ್ಬು ಹೆಚ್ಚಿಗೆ ಹಾಕುತ್ತಾಳೆ.
ಗೊತ್ತಿದ್ದು ಹಾಕುತ್ತಾಳೋ, ಗೊತ್ತಿಲ್ಲದೆಯೋ,
ಕೇಳಲು ನಾಲಗೆ ಏಳುವುದಿಲ್ಲ.
ನಿಬ್ಬು ತಂದು ಬರೆಯುತ್ತೇನೆ.

ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿ
ಕನ್ನಡಿ ನೋಡಿದೆ.
ಎರಡೂ ಕಣ್ಣಲ್ಲಿ ಬಿಳಿ ಚುಕ್ಕೆ, ಚೊಕ್ಕಟ.
ಟ್ಯೂಬ್‌ಲೈಟಿಗೇನು, ಯಾರು ಬಂದು ನಿಂತರೂ ಇಡುತ್ತದೆ,
ಪೂರ್ವಾಪರ ವಿಚಾರಿಸುವುದಿಲ್ಲ.

ಮೇಜಿಗೆ ಮರಳಿ
ಹಯಾಸೆಯ ಕಣ್ಣು ಹೇಳಿದ ಹಾಗೇ ಬಿಟ್ಟೆ.
ಬಿಳಿ ಅದ್ದಿದ ಕುಂಚ ಒಣಗುವ ಮುಂಚೆ
ಕೊಡೆಯ ಹಿಡಿಗೆ ಇಟ್ಟೆ, ಒಂದೇ ಒಂದು.

ಸೆನ್ಸೇ ಅನ್ನದ ಬಟ್ಟಲು ಹಿಡಿದು ಬಂದರು,
ಆರುವ ತನಕ ನೋಡುತ್ತಾ ನಿಂತರು.
‘ಹಿಂದಿನ ಗೋಡೆ,’ ಎಂದರು,
‘ಇನ್ನೂ ಸ್ವಲ್ಪ ಕಪ್ಪಾಗಲಿ.’