ಒಳ ಅಂಚು

ಹ್ಯಾನ್ಕಾಕ್ ಊರಿನ ಐಸ್ ರಿಂಕಿನಲ್ಲಿ
ಗ್ಯಾಲರಿಯ ಮೆಟ್ಟಿಲ ಕೆಳಗಿನ ಗೂಡು ನನ್ನದು.
ಹೊರಗೆ ಮಿಶಿಗನ್ನಿನ ಜನವರಿ,
ಒಳಗೆ ಸಾಣೆಚಕ್ರ, ಕಿಡಿ, ಸುಟ್ಟ ಉಕ್ಕಿನ ವಾಸನೆ.
ಆಟ ನೋಡುವುದು ಕಡಿಮೆ. ಬ್ಲೇಡು ನೋಡುತ್ತೇನೆ.
ಅದು ಸುಳ್ಳು ಹೇಳುವುದಿಲ್ಲ,
ಹೇಳಲು ಬಾರದು ಅದಕ್ಕೆ.

ಡಿಲೇನಿ ರುವೋನಾಳ ಸ್ಕೇಟು ಮೊದಲ ಸಲ ಬಂದಾಗ
ಅವಳಿಗೆ ಹನ್ನೊಂದು. ಗೋಲಿ.
ತುದಿ ಸವೆದಿತ್ತು, ಹಿಮ್ಮಡಿ ಸವೆದಿತ್ತು,
ಹೊರ ಅಂಚಿನಲ್ಲಿ ಕಂಬಕ್ಕೆ ಬಡಿದ ಎರಡು ಕಚ್ಚು.
ಹುಡುಗಿ ನೆಗೆಯುತ್ತಾಳೆ, ಉರುಳುತ್ತಾಳೆ,
ಪಕ್ ಕಂಡಲ್ಲಿ ಬೆಕ್ಕಿನಂತೆ ಎರಗುತ್ತಾಳೆ ಎಂದು
ಯಾರೂ ನನಗೆ ಹೇಳಬೇಕಿರಲಿಲ್ಲ.
ಜನ ಎದ್ದು ಕುಣಿದರೆ ಹಲಗೆಯ ಸಂದಿಯಿಂದ
ನನ್ನ ಕಾಫಿಗೆ ಧೂಳು ಉದುರುತ್ತಿತ್ತು.

ಅವಳ ಹದಿನೈದಕ್ಕೆ ಬಂದ ಬ್ರೆಕನ್, ಟೊಲೀಡೊ ಕಡೆಯವನು,
ಕೈಯಲ್ಲೊಂದು ಹಗ್ಗ.
ಗೋಲಿನ ಎರಡೂ ಕಂಬಕ್ಕೆ ಕಟ್ಟಿ, ಪಕ್ ಇದ್ದಲ್ಲಿಗೆ ಎಳೆದು
“ಇದರೊಳಗೆ ನಿಲ್ಲು. ಒಂದು ಹೆಜ್ಜೆ ಮುಂದೆ.
ನೋಡು, ಈಗ ದೊಡ್ಡವಳಾದೆ.
ಹಾರಬೇಡ. ಹಾರಿದವಳು ಅಂದರೆ ತಡವಾದವಳು.
ಮಂಡಿ ಊರು, ಕಾಲು ಅಗಲಿಸು,
ಪಕ್ಕನ್ನು ಹುಡುಕಿಕೊಂಡು ಹೋಗಬೇಡ, ಅದೇ ಬಂದು ತಾಗಲಿ.”
ಇಡೀ ಒಂದು ತಿಂಗಳು ಪಕ್ಕೇ ಇಲ್ಲದ ಆಟ.
ಚಕ್ರ ನಿಲ್ಲಿಸಿದರೆ ಕೇಳುವುದು ಅದೊಂದೇ:
ಸರ್ರ್, ಟಪ್.
ಸರ್ರ್, ಟಪ್.

ಬ್ಲೇಡು ಬದಲಾಯಿತು.
ತುದಿ ಇದ್ದ ಹಾಗೇ ಇದೆ, ಹೊರ ಅಂಚು ಅಂಗಡಿಯಿಂದ ಈಗಷ್ಟೇ ಬಂದಂತೆ.
ಒಳ ಅಂಚು ಮಾತ್ರ
ಅಜ್ಜಿ ಪಾತ್ರೆ ಕೆರೆದು ಕೆರೆದು ಸವೆಸಿದ ಚಮಚ.
“ಮೊಂಡಾಗಿರಲಿ, ಜಾರಬೇಕು” ಅನ್ನುತ್ತಿದ್ದವಳು
ಕೌಂಟರಿಗೆ ಮೊಣಕೈ ಊರಿ
“ಆಳ ಕೊಡಿ” ಅಂದಳು. “ತಳ್ಳಿದರೆ ಐಸು ಹಿಡಿಯಬೇಕು.”
ಅವಳಪ್ಪ ವೆಂಡೆಲ್ ನನ್ನ ಹತ್ತಿರ ದೂರು:
“ಮಗಳು ಈಗ ಏನೂ ಮಾಡುವುದಿಲ್ಲ ಮಾರಾಯ.
ಗೋಲೂ ಆಗುವುದಿಲ್ಲ.”

ಕ್ಯಾಲುಮೆಟ್ ಜೊತೆಗಿನ ಆಟದ ರಾತ್ರಿ ಮೇಲೆ ಹೋದೆ.
ಎಡದಿಂದ ಹೊಡೆದರು, ಅವಳು ಆಗಲೇ ಅಲ್ಲಿದ್ದಳು.
ಬಲದಿಂದ ಹೊಡೆದರು, ಅಲ್ಲೂ.
ಪಕ್ ಅವಳ ಎದೆಗೆ ಬಂದು ಒರಗಿತು
ದಣಿದು ಮನೆಗೆ ಬಂದವರ ಹಾಗೆ.
ಯಾರೂ ಕುಣಿಯಲಿಲ್ಲ.
ನನ್ನ ಪಕ್ಕದವ ಪಾಪ್‌ಕಾರ್ನ್ ಪೊಟ್ಟಣದ ಹಿಂದೆ ಬರೆದದ್ದನ್ನು ಓದುತ್ತಿದ್ದ.
ಮುಖವಾಡದ ಜಾಲರಿಯ ಹಿಂದೆ
ಅವಳಿಗೆ ಏನನಿಸಿತೋ. ಬ್ಲೇಡು ಅಷ್ಟನ್ನು ಹೇಳುವುದಿಲ್ಲ.

ಮೊನ್ನೆ ಸೋಮವಾರ ಸ್ಕೇಟು ಬಂತು.
ಬಲಗಾಲಿನ ಹೊರ ಅಂಚಿನಲ್ಲಿ ಒಂದು ಕಚ್ಚು,
ಹೊಸದು, ಉಗುರಿಗೆ ಸಿಗುವಷ್ಟು.
ಭಾನುವಾರ ರಿಂಕ್ ಖಾಲಿ. ಬ್ರೆಕನ್ ಊರಲ್ಲಿರಲಿಲ್ಲ.
ನಾನು ಕೇಳಲಿಲ್ಲ. ಅವಳು ಕಿಟಕಿಯಾಚೆ
ಹಿಮ ತಳ್ಳುವ ಲಾರಿ ನೋಡುತ್ತಾ ನಿಂತಿದ್ದಳು.
ಮೂರು ಸಲ ಜಾಸ್ತಿ ಉಜ್ಜಿ
ಕಚ್ಚು ಅಳಿಸಿಹಾಕಿದೆ.
ಬಿಲ್ಲು ಎಂದಿನಂತೆ ಎಂಟು ಡಾಲರ್.
ಬ್ರೆಕನ್ನನಿಗೂ
ಬ್ಲೇಡು ಓದಲು ಬರುತ್ತದೆ.